ವಾಷರು ಅದಲಿಬದಲಿ

ದುರ್ಗದ ಬೈಲಿನ ಹಿಂದ, ಬಳೆಗಾರರ ಓಣಿ ದಾಟಿ
ಮೂರು ಮೆಟ್ಟಲ ಇಳದ್ರ ನನ್ನ ಅಂಗಡಿ.
‘ದಾವಲಸಾಬ, ಮಿಕ್ಸರ್ ರಿಪೇರಿ’ ಅಂತ ಬೋರ್ಡು ಐತಿ,
ಅರ್ಧ ಅಕ್ಷರ ಮಳಿಗೆ ಹೋಗ್ಯಾವ.
ಗಿರಾಕಿ ಸದ್ದು ಕೇಳೇ ಬರ್ತಾರ.

ಒಂದು ಸೋಮವಾರ ಎರಡು ಜಾರು ಬಂದ್ವು.
ಒಂದು, ಮುಳಗುಂದದ ಕಡೆಯಿಂದ ಬಂದ ನೀಲವ್ವಂದು:
ಬುಷ್ ಸುಟ್ಟು ಕರ್ರಗ, ಬುಡಕ್ಕ ಶೇಂಗಾ ಮೆತ್ತಿತ್ತು.
ಇನ್ನೊಂದು, ರೈಲ್ವೆ ಕ್ವಾರ್ಟರ್ಸಿನ ಸುಗಂಧಾಬಾಯಿದು,
ಅಂಕೋಲಾ ತವರು;
ಬ್ಲೇಡಿಗೆ ಕೊಬ್ಬರಿ ನಾರು ಸುತ್ತಿತ್ತು
ಕೂಸಿನ ಕೈಗೆ ಕಟ್ಟಿದ ದಾರದಂಗ.

ಇಬ್ಬರೂ ರವಿವಾರ ಉಣಕಲ್ ಕೆರಿ ದಂಡಿಗೆ
ಟೇಬಲ್ ಹಾಕ್ಕೊಂಡು ಬಾಟ್ಲಿ ಮಾರತಾರ.
ಎಮ್ಮಿ ಮುಖಾ ಕಾಣದ ಬೆಣ್ಣಿ.
ಹಾಲು ಒಗ್ಗದವರು, ಹಾಲು ಬಿಟ್ಟವರು,
ಪುಕ್ಕಟೆ ರುಚಿ ನೋಡಿ ನಾಳೆ ಬರ್ತೀವಿ ಅನ್ನೋರು.
ನನ್ನ ಮೊಮ್ಮಗಳು ಆಫ್ರೀನಗೂ
ಹಾಲು ಮುಟ್ಟಿದ್ರ ಮೈತುಂಬ ಪಿತ್ತಗಂಧಿ.

“ದಾವಲಣ್ಣಾ, ನೀನೇ ಹೇಳು, ಯಾರದು ಚಲೋ?”
ಇಬ್ಬರೂ ಕೇಳ್ಯಾರ. ಇಬ್ಬರಿಗೂ ಬಿಲ್ ಕೊಟ್ಟೇನಿ.

ನನಗ ತಿಳಿಯೋದು ಮೋಟಾರಿನ ಮಾತು.
ಶೇಂಗಾ ಮೊದಲ ಪುಡಿ, ಆಮ್ಯಾಲ ಮುದ್ದಿ;
ಮುದ್ದಿ ಆತಂದ್ರ ಹಟ ಹಿಡಿತೈತಿ,
ಮೋಟಾರು ಗುರ್ರಂತೈತಿ. ಅಲ್ಲಿ ನೀರು ಹಾಕಿದವರು ಕೆಟ್ಟರು.
ಬದಿ ಕೆರದು, ಹೊರಗ ಹೋಗಿ ಒಂದು ಚಾ ಕುಡದು
ಬಂದು ತಿರುವಬೇಕು, ಆಗ
ಒಮ್ಮಿಗೇ ಸೋತು ಎಣ್ಣಿ ಬಿಟ್ಟು ಹರೀತೈತಿ.
ನೀಲವ್ವಗ ಆ ಒಂದು ಚಾದಷ್ಟು ತಾಳ್ಮಿ ಇಲ್ಲ.
ಅದಕ್ಕ ವರ್ಷಕ್ಕ ಮೂರು ಬುಷ್.

ಕೊಬ್ಬರಿ ಗುಣಾನ ಬ್ಯಾರೆ.
ಗೋಡಂಬಿ ಕೂಡಸ್ಯಾಳ, ಚಿಟಿಕಿ ಉಪ್ಪು;
ಜಾರಿನಾಗ ಜಗಳಿಲ್ಲ. ಬಾಟ್ಲಿಗೆ ಹೋದ ಮ್ಯಾಲ ಐತಿ ಆಟ:
ಚೈತ್ರದಾಗ ನೀರು, ಮಾರ್ಗಶಿರದಾಗ ಶಾಬಾದಿ ಕಲ್ಲು,
ಚಮಚಾ ನೆಟ್ಟಗ ನಿಂತಿತ್ತು
ಸಾಲಿ ಮುಂದಿನ ಝೆಂಡಾ ಕಂಬದಂಗ.
ಶೇಂಗಾಕ್ಕ ಚಳಿ ಬಿಸಲ ಹಂಗಿಲ್ಲ,
ಆದ್ರ ನಾಕು ದಿನ ಮಾತಾಡಸದ ಇಟ್ರ
ಎಣ್ಣಿ ಮ್ಯಾಲ, ಗಟ್ಟಿ ತಳಕ್ಕ,
ಪಾಲಾದ ಅಣ್ಣತಮ್ಮರು ಒಂದ ಮನಿಯಾಗ ಇದ್ದಂಗ.

ಬಿಸಿ ರೊಟ್ಟಿಗೆ ಎರಡೂ ಹಚ್ಚಿ ನೋಡೇನಿ.
ಕೊಬ್ಬರಿ ಹಚ್ಚಿದ ಕೂಡಲೆ ಮಾಯ. ರೊಟ್ಟಿ ಹೊಳಿತೈತಿ,
ನಾಲಿಗಿಗೆ ಸುದ್ದಿ ತಡಾ ಮುಟ್ಟತೈತಿ.
ಶೇಂಗಾ ಅಂಗುಳಕ್ಕ ಅಂಟಿ ಕುಂತು ಮಾತು ಬಂದ್ ಮಾಡತೈತಿ.
ಹುಸೇನಬಿ ಅಂದ್ಲು:
“ನಿಮಗ ದಿನಾ ಶೇಂಗಾದ್ದ ಹಚ್ಚತೇನಿ, ಮನಿ ತಣ್ಣಗಿರತೈತಿ.”
ಆಫ್ರೀನ್ ಎರಡನ್ನೂ ಸರಿಸಿ
ಬರೇ ರೊಟ್ಟಿ ತಿಂದು ಎದ್ದು ಹ್ವಾದ್ಲು.

ಜಾರು ಜೋಡಿಸೋ ಹೊತ್ತಿಗೆ ಕರೆಂಟ್ ಹೋತು.
ಮೇಣಬತ್ತಿ ಬೆಳಕಿನಾಗ
ಮುಚ್ಚಳದ ವಾಷರು ಎರಡೂ ಒಂದ ಅಳತಿ, ಒಂದ ಬಿಳುಪು.
ಎಷ್ಟು ಕುದಿಸಿದ್ರೂ ರಬ್ಬರಿಗೆ ಮರವಿಲ್ಲ.

ಮುಂದಿನ ವಾರ ನೀಲವ್ವ ಬಂದ್ಲು, ಸೆರಗು ಸೊಂಟಕ್ಕ ಸಿಗಿಸಿ.
“ನನ್ನ ಶೇಂಗಾದಾಗ ಯಾವುದೋ ಸಮುದ್ರದ ವಾಸನಿ!”
ನನ್ನ ಎದಿ ಧಸಕ್ಕಂತು.
“ಏನು ಹಾಕೀರಿ ಅಂತ ಮೂರು ಮಂದಿ ಕೇಳಿ
ಇನ್ನೆರಡೆರಡು ಬಾಟ್ಲಿ ಒಯ್ದಾರ.
ಏನು ಹಾಕೀನೋ ನನಗ ತಿಳೀವಲ್ದು.”
ನಾನು ಸ್ಕ್ರೂ ಹುಡುಕಾಕ ಬಗ್ಗಿದೆ.

ಮರುದಿನ ಸುಗಂಧಾಬಾಯಿ. ಕೂಡಲಿಲ್ಲ.
“ಸಾಬ್ರೆ, ನನ್ನ ಕೊಬ್ಬರಿಗೆ ಯಾರೋ ಹೊಗೆ ಹಾಕಿದ ಹಾಂಗೆ ಆಗಿದೆ.
ಬಿಳಿ ಅಂದ್ರೆ ವಾಸನೆಯಲ್ಲೂ ಬಿಳಿ ಇರಬೇಕು.”
ಹೊಸಾ ವಾಷರು ಹಾಕಿಕೊಟ್ಟೆ, ರೊಕ್ಕಾ ಕೇಳಲಿಲ್ಲ.
ಯಾಕ ಕೇಳಲಿಲ್ಲ ಅಂತ ಆಕೆ ನನ್ನ ಮುಖಾ ನೋಡಿದ್ಲು.

ನೀಲವ್ವಗ ಇನ್ನೂ ಹೇಳಿಲ್ಲ.
ತಿರುವಿದಂಗ ತಿರುವಿದಂಗ ಆ ವಾಸನಿ ಇಳಿತೈತಿ,
ದೀಪಾವಳಿ ಹೊತ್ತಿಗೆ ಮುಗಿದೀತು.
ಮತ್ತ ಬರ್ತಾಳ, ಸೊಂಟಕ್ಕ ಸೆರಗು ಸಿಗಿಸಿ.

ಸುಗಂಧಾಬಾಯಿ ಜಾರಿನಿಂದ ಬಿಚ್ಚಿದ ವಾಷರು
ಮೊಳಿಗೆ ತೂಗಹಾಕಿದ್ದೆ.
ಆಫ್ರೀನ್ ಬಳಿ ಅಂತ ಅದನ್ನ ಕೈಗೆ ಏರಿಸ್ಕೊಂಡಾಳ;
ಬರೇ ರೊಟ್ಟಿ ತಿಂತಾಳ,
ನಡುನಡುವ ಕೈ ಎತ್ತಿ ಮೂಸತಾಳ.