ಊರ ಕಾರು

ಆರು ತಿಂಗಳಲ್ಲಿ ಇದು ನಾಲ್ಕನೆಯ ಸಲ.
ಲಾರಾದ ತಿರುವು, ಹೆದ್ದಾರಿಯ ಅಂಚು,
ಬಾನೆಟ್ಟು ಎತ್ತಿ ನಿಂತ ನೀಲಿ ಫಾಲ್ಕನ್ನು.
ಪಕ್ಕದಲ್ಲಿ ಝ್ವೊಂಕೊ, ಟೋಪಿ ತೆಗೆದು ಕೈಯಲ್ಲಿ ಹಿಡಿದು
ಆಪರೇಷನ್ ಕೋಣೆಯ ಹೊರಗೆ ನಿಂತವರ ಹಾಗೆ.
ನನ್ನ ಹಳದಿ ವ್ಯಾನು ಕಂಡದ್ದೇ ಶುರು:
"ಏನಿಲ್ಲ, ಸ್ವಲ್ಪ ಬಿಸಿ. ಇವತ್ತು ಸೆಕೆ ನೋಡು."

ಜುಲೈ ತಿಂಗಳು. ಕೊಲ್ಲಿಯ ಕಡೆಯ ಗಾಳಿಗೆ
ಸ್ಪ್ಯಾನರು ಹಿಡಿದ ನನ್ನ ಬೆರಳು ಮರಗಟ್ಟಿವೆ.

ಒಳಗೆ ನೆವೆಂಕಾ, ಗಾಜು ಏರಿಸಿ,
ಪದಬಂಧದ ಪುಸ್ತಕದಲ್ಲಿ ತಲೆ ಹುದುಗಿಸಿ.
ಇಂಥ ಹೊತ್ತಿಗೆಂದೇ ಅದು ಕೈಚೀಲದಲ್ಲಿರುತ್ತದೆ.

"ಇಂಜಿನ್ನಿನ ಮೇಲೆ ತಪ್ಪು ಹೊರಿಸಬೇಡ" ಅನ್ನುತ್ತಾನೆ ಮುದುಕ,
"ಆ ಬ್ಲಾಕು ಎರಕ ಹೊಯ್ದದ್ದು ನಾವು, ಜೀಲಾಂಗಿನಲ್ಲಿ,
ಮೂವತ್ತೊಂದು ವರ್ಷ." ತೋಳು ಮಡಿಸಿ
ಮಣಿಕಟ್ಟಿನ ಸುಟ್ಟ ಕಲೆ ತೋರಿಸುತ್ತಾನೆ,
ರಸೀತಿ ತೋರಿಸುವವನ ಹಾಗೆ.
"ಸುತ್ತ ಇದೆಯಲ್ಲ, ಪ್ಲಾಸ್ಟಿಕ್ಕು, ರಬ್ಬರು, ವೈರು,
ಅದೇ ದ್ರೋಹಿ."

ನನ್ನ ಸೋದರಮಾವ ಎತ್ತು ಕೊಳ್ಳುವಾಗ
ಹಲ್ಲು ಎಣಿಸುತ್ತಿದ್ದ, ಸುಳಿ ಹುಡುಕುತ್ತಿದ್ದ,
ಕೊನೆಗೆ ಕೇಳುತ್ತಿದ್ದ: ಯಾರ ಕೊಟ್ಟಿಗೆಯದು?
ಉತ್ತರ ಸರಿ ಇದ್ದರೆ ಸುಳಿ ಮರೆಯುತ್ತಿದ್ದ.

ಊಟಕ್ಕೆ ಕರೆದವರೆಲ್ಲ ನನ್ನ ಕೇಳುತ್ತಾರೆ:
ಯಾವ ಕಾರು ತಗೊಳ್ಳೋಣ? ಇಲ್ಲಿನದೋ, ಹೊರಗಿನದೋ?
ನಾನೇನು ಹೇಳಲಿ! ನನಗೆ ಪರಿಚಯ
ನಿಂತ ಕಾರುಗಳದು ಮಾತ್ರ.
ಓಡುವವು ನನ್ನನ್ನು ದಾಟಿ ಹೋಗುತ್ತವೆ
ನಮಸ್ಕಾರ ಕೂಡ ಹೇಳದೆ.
ಒಂದು ಮಾತು ಗೊತ್ತು: ಷಡ್ಡಕನ ಗೇರ್‌ಬಾಕ್ಸು ಒಡೆದರೆ
ಮೂರು ತಲೆಮಾರು ಆ ಕಂಪನಿಯ ಮೆಟ್ಟಿಲು ಹತ್ತುವುದಿಲ್ಲ.
ಹೆಸರು ಬರುವುದು ಎತ್ತಿನ ಗಾಡಿಯಲ್ಲಿ,
ಹೋಗುವುದು ಟೋ ಟ್ರಕ್ಕಿನಲ್ಲಿ.

ಆಗಲೇ ಬಿಳಿ ಕ್ಯಾಮ್ರಿಯೊಂದು ಹಾದುಹೋಯಿತು
ಬೆಣ್ಣೆಯಲ್ಲಿ ಕೂದಲು ಎಳೆದಂತೆ.
ಝ್ವೊಂಕೊ ಉಗಿಯಲಿಲ್ಲ, ಆದರೆ ಬಾಯಿ ಸಿದ್ಧವಾಯಿತು.
"ಪರದೇಶದ್ದು."

ಗಾಜು ಇಳಿಯಿತು.
"ಅವನಿಗೆ ಹೇಳು" ಅಂದಳು ನೆವೆಂಕಾ, ನನ್ನ ಕಡೆ ನೋಡಿ,
"ಅದನ್ನು ಮಾಡಿದ್ದು ಆಲ್ಟೋನಾದಲ್ಲಿ.
ನನ್ನ ತಂಗಿಯ ಮಗ ಡೀನೊ ಅದಕ್ಕೆ ಬಾಗಿಲು ಕೂರಿಸುತ್ತಿದ್ದ.
ಇಲ್ಲಿಂದ ಅರ್ಧ ಗಂಟೆಯ ದಾರಿ,
ಈ ನಿನ್ನ ಕಾರು ಅಲ್ಲಿಯತನಕ ಹೋಗುವುದಾದರೆ."
ಗಾಜು ಏರಿತು.

ಝ್ವೊಂಕೊ ಬಹಳ ಹೊತ್ತು ರೇಡಿಯೇಟರು ನೋಡಿದ.
"ಹೆಸರು ಜಪಾನಿನದಲ್ಲವಾ" ಅಂದ, ಸಣ್ಣಗೆ.
ನಾನು ಪೈಪಿಗೆ ಟೇಪು ಸುತ್ತುತ್ತಿದ್ದೆ.
ಹೇಳಲಿಲ್ಲ: ಎರಡೂ ಗೇಟಿಗೆ ಬೀಗ ಬಿದ್ದು ವರ್ಷಗಳಾದವು,
ಈಗ ಎಲ್ಲವೂ ಹಡಗಿನಿಂದಲೇ ಇಳಿಯುತ್ತವೆ,
ನಿನ್ನ ನೀಲಿ ಮೊಟ್ಟೆಯ ಹೆಸರು ಹೊತ್ತದ್ದೂ.
ಅವನಿಗೆ ಗೊತ್ತಿಲ್ಲದ್ದೇನು ಅದರಲ್ಲಿ.

ಮುಂದಿನದನ್ನು ನೆವೆಂಕಾ ಹೇಳಿದಳು.
ಶನಿವಾರ ಹಳೇ ಕಾರಿನ ಅಂಗಡಿಗೆ ಹೋದರಂತೆ.
ಸೇಲ್ಸ್ ಹುಡುಗ ಮೈಲೇಜು, ಗ್ಯಾರಂಟಿ, ಕಂತು ಅನ್ನುತ್ತಿರುವಾಗ
ಇವನು ಮಂಡಿಯೂರಿ, ಕನ್ನಡಕ ಹಣೆಗೇರಿಸಿ,
ತಯಾರಿಯ ತಗಡಿನ ಮೇಲೆ ಬೆರಳಾಡಿಸಿ ಓದಿದನಂತೆ.
ಆಮೇಲೆ ಬಾಗಿಲು ತೆರೆದು ಮುಚ್ಚಿದ,
ತೆರೆದು ಮುಚ್ಚಿದ, ಏಳೆಂಟು ಸಲ.
"ಡೀನೊ ಕೆಲಸ ಕಲಿತಿದ್ದ" ಅಂದನಂತೆ.
ಚೌಕಾಸಿ ಮಾಡಲಿಲ್ಲ. ಅದೇ ಅವಳಿಗೆ ಹೆದರಿಕೆಯಾದದ್ದು.

ಆಗಸ್ಟಿನಲ್ಲಿ ಫೋನು ಬಂತು. ಬೆಲ್ ಪೋಸ್ಟ್ ಹಿಲ್, ಅದೇ ಮನೆ.
ಅಂಗಳದಲ್ಲಿ ಬಿಳಿ ಕಾರು, ತೊಳೆದದ್ದು, ಮೌನಿ.
ಗ್ಯಾರೇಜಿನೊಳಗೆ ಫಾಲ್ಕನ್ನು, ಬ್ಯಾಟರಿ ಸತ್ತಿದೆ.
"ರೇಡಿಯೋ" ಅಂದ, ತಲೆ ತಗ್ಗಿಸಿ,
"ಕೂತು ಫುಟ್‌ಬಾಲ್ ಕಾಮೆಂಟರಿ ಕೇಳ್ತೀನಿ."
"ಹೊಸದರಲ್ಲೂ ರೇಡಿಯೋ ಇದೆಯಲ್ಲ."
"ಇದೆ. ಅದಕ್ಕೆ ಏನೂ ಆಗುವುದೇ ಇಲ್ಲ, ಮಾರಾಯ.
ಬಾನೆಟ್ಟು ಎತ್ತಿದರೂ ಮಾತಿಲ್ಲ."

ಕೇಬಲ್ಲು ಜೋಡಿಸಿದೆ.
ಹಗಲು ಹನ್ನೊಂದಕ್ಕೆ, ಬೇಕಿಲ್ಲದಿದ್ದರೂ,
ಅವನು ಟಾರ್ಚು ಹಿಡಿದು ನಿಂತ.