ಸೋಮಾರಿ ಗಾಳಿ

ಶಕ್ತಿನಗರದಲ್ಲಿ ಏಪ್ರಿಲ್ ಎಂದರೆ
ಒಣಹಾಕಿದ ಅಂಗಿಯ ಮೇಲೂ ಹಾರುಬೂದಿ.
ಕೊಡವಿ ತೊಟ್ಟು ಡ್ಯೂಟಿಗೆ ಬರುತ್ತೇನೆ,
ರಿಲೇ ಕೋಣೆಯ ಹಿಂದೆ
ಹದಿನಾರು ಸಿಲಿಂಡರುಗಳು ಗೋಡೆಗೆ ಬೆನ್ನು ಕೊಟ್ಟು ನಿಂತಲ್ಲಿಗೆ.

ಏನು ಕೆಲಸ ಎಂದರೆ ಹೇಳಲು ನಾಚಿಕೆ.
ಮುಳ್ಳು ನೋಡುವುದು. ಇನ್ನೂರು ಬಾರ್. ಬರೆಯುವುದು.
ಹನ್ನೊಂದು ವರ್ಷ.

ಒಳಗೆ ಸಾರಜನಕ, ಆರ್ಗಾನ್, ಚೂರು ಇಂಗಾಲದ ಡೈಆಕ್ಸೈಡ್.
ಆರ್ಗಾನ್ ಅಂದರೆ ಗ್ರೀಕರ ಮಾತಲ್ಲಿ ಸೋಮಾರಿಯಂತೆ,
ಯಾರ ಜೊತೆಗೂ ಕೂಡದು, ಯಾರನ್ನೂ ಸುಡದು.
ಮೌಲಾಸಾಬ ನಕ್ಕಿದ್ದ:
"ಹಂಗಾದ್ರ ನಮ್ಮ ಯಂಕೋಬನ ಖಾಸಾ ತಮ್ಮ ಅದು."

ಆತನೇ ಹೇಳಿಕೊಟ್ಟದ್ದು:
"ಬೆಂಕೀನ ಹೊಡಿಯೂದಲ್ಲೋ ಇದು.
ಒಗ್ಗರಣಿ ಎಣ್ಣಿ ಭಗ್ ಅಂದಾಗ ನಿಮ್ಮವ್ವ ಏನ್ ಮಾಡ್ತಾಳ?
ತಾಟು ಬೋರಲ ಹಾಕ್ತಾಳ. ಅಷ್ಟ.
ಇಲ್ಲಿ ಗಾಳೀನ ತಾಟು."

ನೂರರಲ್ಲಿ ಇಪ್ಪತ್ತೊಂದು ಪಾಲು ಆಮ್ಲಜನಕ.
ಹದಿಮೂರಕ್ಕಿಳಿದರೆ ಉರಿಗೆ ಸಾಲದು,
ಮನುಷ್ಯನಿಗೆ ಒಂದಿಷ್ಟು ಹೊತ್ತು ಸಾಕು.
ಆ ಸಂದಿಯಲ್ಲೇ ನಮ್ಮ ಸಂಬಳ.
"ಚೂರು ಇಂಗಾಲ ಯಾಕ ಗೊತ್ತಾ?
ಎದಿಗೆ ಸುಳ್ಳು ಹೇಳಾಕ. ಜೋರು ಉಸುರು ಎಳಿ, ಎಳಿ ಅಂತ."

ಹೋದ ವರ್ಷ ಬಾಗಿಲಿಗೆ ಫ್ಯಾನು ಕಟ್ಟಿ ಕೋಣೆಯ ಸೋರಿಕೆ ಅಳೆದರು.
ಹತ್ತು ನಿಮಿಷ ನಿಲ್ಲಬೇಕಾದ ಗಾಳಿ ಆರಕ್ಕೇ ಸೋತಿತು.
ಊದುಬತ್ತಿ ಹಿಡಿದು ಗೋಡೆಗುಂಟ ನಡೆದೆ;
ಒಂದು ಕಡೆ ಹೊಗೆ ಗಕ್ಕನೆ ಬಾಗಿತು.
ಕೇಬಲ್ ಹಾಯುವ ತೂತು, ಹಲ್ಲಿಯ ಮನೆ.
ಅಂಟು ಮೆತ್ತಿದೆ.
ಎರಡು ದಿನ ಅದು ಅಲ್ಲೇ ಲೊಚಗುಟ್ಟುತ್ತಿತ್ತು.

ರಾತ್ರಿ ಎರಡೂ ಹತ್ತು.
ಏಳನೇ ಪ್ಯಾನಲ್ಲಿನಿಂದ ಸುಟ್ಟ ರಬ್ಬರಿನ ವಾಸನೆ.
ಗಂಟೆ. ಕೆಂಪು ದೀಪ. ಮೂವತ್ತು ಸೆಕೆಂಡು.
ಯಂಕೋಬ ಒಳಗಿದ್ದ,
ತಂಪಿಗೆಂದು ಬ್ಯಾಟರಿ ಕಪಾಟಿನ ಹಿಂದೆ ಮಲಗಿ.
ಬಾಗಿಲ ಬಳಿಯ ತಡೆಗುಂಡಿ:
ಒತ್ತಿ ಹಿಡಿದರೆ ಗಾಳಿ ನಿಲ್ಲುತ್ತದೆ,
ಬೆಂಕಿ ನಿಲ್ಲುವುದಿಲ್ಲ.
ಒತ್ತಿದೆ. ಕೂಗಿದೆ.
ಒಂದೇ ಚಪ್ಪಲಿಯಲ್ಲಿ ಬಂದ.
ಬಿಟ್ಟೆ.

ಸೋಮಾರಿಗಳು ಎದ್ದ ಸದ್ದು!
ಕೃಷ್ಣೆಯ ಸೇತುವೆಗೆ ರೈಲು ಏರಿದ ಹಾಗೆ.
ಗೋಡೆಯ ತಗಡಿನ ರೆಕ್ಕೆ ತೆರೆದು
ಹೆಚ್ಚಾದ ಒತ್ತಡವನ್ನು ಹೊರಗೆ ಉಗುಳಿತು,
ಇಲ್ಲದಿದ್ದರೆ ಗೋಡೆಯೇ ಬಿರಿಯುತ್ತಿತ್ತು.
ಒಂದು ನಿಮಿಷ.
ಆಮೇಲೆ ಗಾಜಿನಾಚೆ ಉರಿ
ಏನೋ ಮರೆತವರಂತೆ ಕುಳಿತುಕೊಂಡಿತು.

ಗಾಳಿ ಆಡಿಸಿ ಒಳಹೊಕ್ಕಾಗ ಹಸಿಯಿಲ್ಲ, ಪುಡಿಯಿಲ್ಲ.
ಬೆರಳುದ್ದ ಕರಿ ತಂತಿ.
ಚಾವಣಿಯ ಎರಡು ಹಲಗೆ ನೆಲದ ಮೇಲೆ,
ಕ್ಯಾಲೆಂಡರು ಡಿಸೆಂಬರಿಗೆ ಹೋಗಿತ್ತು.
ಯಂಕೋಬ ಚಪ್ಪಲಿ ಮೆಟ್ಟಿ
"ತಣ್ಣಗಾಗೇದ" ಅಂದ.

ಹದಿನಾರು ಮುಳ್ಳೂ ಸೊನ್ನೆಯಲ್ಲಿ.
ಪುಸ್ತಕದಲ್ಲಿ ಇನ್ನೂರು ಎಂದೇ ಬರೆದು
ಹೊಡೆದುಹಾಕಿದೆ. ಕೈಗೆ ಬೇರೆ ಅಂಕಿ ಬರುತ್ತಿರಲಿಲ್ಲ.

ತನಿಖೆಗೆ ಬಂದವರು ಕೇಳಿದ್ದು ಒಂದೇ:
ಗುಂಡಿ ಒಂಬತ್ತು ಸೆಕೆಂಡು ಯಾಕೆ ಒತ್ತಿದ್ದಿರಿ?
"ಚಪ್ಪಲಿ ಹುಡುಕ್ತಿದ್ದ ರೀ" ಎಂದೆ.
ಬರೆದುಕೊಂಡರು.