ಮುಳುಗುವ ಧಂದೆ

ಗುರುವಾರ ರಾತ್ರಿ, ಕುವೈತಿನ ಮೆಹಬೂಲಾ, ಮೂರನೇ ಮಹಡಿ.
ವಲೇರಿಯನ್ ಫೋನಿಗೆ ಹೇಳಿದ:
"ಗ್ಯಾರಂಟಿ ಮುಳುಗುವ ಧಂದೆ ಹೇಳು ಮಾರಾಯಾ."

ಎಐ ಹೇಳಿತು, ಭಾರೀ ಗಂಭೀರವಾಗಿ:
ಜುಲೈಯಲ್ಲಿ ಬಾಡಿಗೆಗೆ ಕಂಬಳಿ.
ಒಂಟೆಗೆ ಗೊರಬು, ಮಳೆ ಬಂದರಷ್ಟೇ ದುಡ್ಡು.
ಬೆವರು ಕಾಯಿಸಿ ತೆಗೆದ ಉಪ್ಪು,
ಪೊಟ್ಟಣದ ಮೇಲೆ ಬೆವರಿದವನ ಫೋಟೋ.

ಅದ್ರಾಮಾಕ ನಕ್ಕು ನಕ್ಕು ಸುಲೈಮಾನಿ ಚೆಲ್ಲಿದರು.
"ನನ್ನದೇ ಮೋರೆ ಹಾಕಲಿ,
ಮೂವತ್ತು ವರ್ಷದ ಸ್ಟಾಕ್ ಉಂಟು!"

"ಇನ್ನೂ ಕೆಟ್ಟದ್ದು ಬೇಕು!"

ಒಂದೇ ಮಂಚ, ಬಾಡಿಗೆ ಇಬ್ಬರದು:
ಹಗಲು ಒಬ್ಬ, ರಾತ್ರಿ ಇನ್ನೊಬ್ಬ.
ಕೆಳಗೆ ಸಣ್ಣಕ್ಷರದಲ್ಲಿ:
ಇದಕ್ಕಂತೂ ಗಿರಾಕಿ ಸಿಗುವುದಿಲ್ಲ.

ಎಸಿ ಮಾತ್ರ ಗೊರಗುಟ್ಟಿತು.
ವಲೇರಿಯನ್ ಎದ್ದ, ಚಾದರ ಕೊಡವಿದ, ದಿಂಬು ಮಗುಚಿಟ್ಟ.
ಬಾಗಿಲಲ್ಲಿ ಬೂಟು ಬಿಚ್ಚುತ್ತಿದ್ದ ದೂಮಪ್ಪನಿಗೆ
"ಬಾ," ಅಂದ, "ಇನ್ನೂ ಬಿಸಿ ಉಂಟು."